ಓಡೋದಾ, ಕಟ್ಟೋದಾ, ಹೊಡೆಯೋದಾ, ಕಾಯೋದಾ? ಬ್ಯಾಕ್‌ಗ್ಯಾಮನ್‌ನಲ್ಲಿ ದಾರಿ ಆರಿಸೋದು ಹೇಗೆ

ಬ್ಯಾಕ್‌ಗ್ಯಾಮನ್ ನಿಯಮ ಕಲಿಯಲು ಅರ್ಧ ಗಂಟೆ ಸಾಕು. ತಲೆನೋವು ಶುರುವಾಗುವುದು ಆಮೇಲೆ. ಗರ ಬಿತ್ತು, 4 ಮತ್ತು 1. ಈಗ ಯಾವ ಕಾಯಿ ನಡೆಸುವುದು? ಹತ್ತಾರು ನಡೆ ಇವೆ, ಎಲ್ಲವೂ ಒಂದೇ ಥರ ಕಾಣುತ್ತವೆ, ಕೊನೆಗೆ ಯಾವ ಕಾಯಿಗೂ ಏಟು ಬೀಳದ ಹಾಗೆ ಏನೋ ಒಂದು ನಡೆಸಿ ಸರದಿ ಮುಗಿಸಿಬಿಡುತ್ತೇವೆ. ಹೊಸಬರು ಸೋಲುವುದು ಹೆಚ್ಚಾಗಿ ಹೀಗೇ. ಬೈಯುವುದು ಮಾತ್ರ ದಾಳವನ್ನು. ಈ ಆಟವನ್ನು ಯಾವ ದಾರಿಯಲ್ಲಿ ಗೆಲ್ಲಬೇಕು ಅಂತ ತೀರ್ಮಾನ ಮಾಡದೇ ಕಾಯಿ ನಡೆಸಿದರೆ ಎಷ್ಟು ಒಳ್ಳೆಯ ದಾಳ ಬಿದ್ದರೂ ಅಷ್ಟೇ.

ದಾರಿಗಳು ಇರುವುದು ಐದು. ಓಡುವುದು, ಗೋಡೆ ಕಟ್ಟುವುದು, ಮೇಲೆ ಬಿದ್ದು ಹೊಡೆಯುವುದು, ಗಟ್ಟಿಯಾಗಿ ಒಂದು ಕಡೆ ಕೂತು ಕಾಯುವುದು, ಮತ್ತೆ ಐದನೆಯದು ತೀರಾ ಹಿಂದೆ ಉಳಿದು ಅಲ್ಲಿಂದಲೇ ಆಡುವುದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊಸಬರು ಕಟ್ಟುವುದು ಮತ್ತು ಕಾಯುವುದು, ಇವೆರಡನ್ನು ಮೊದಲು ಕಲಿಯಬೇಕು. ಓಡುವುದು ತಾನಾಗೇ ಬರುತ್ತದೆ. ಐದನೆಯದನ್ನು ಸದ್ಯಕ್ಕೆ ಮುಟ್ಟಬೇಡಿ.

ಮೊದಲು ಹಲಗೆ

ಹಲಗೆಯ ಮೇಲೆ 24 ಚೂಪು ತ್ರಿಕೋನಗಳಿವೆ. ಒಂದೊಂದೂ ಒಂದು ಮನೆ. ಒಬ್ಬೊಬ್ಬರಿಗೆ 15 ಕಾಯಿ. ನಿಮ್ಮ ಕಡೆಯಿಂದ ಎಣಿಸಿದರೆ 1ರಿಂದ 6 ನಿಮ್ಮ ಒಳಂಗಳ, 7ರಿಂದ 12 ನಿಮ್ಮ ಹೊರಂಗಳ, 13ರಿಂದ 18 ಎದುರಾಳಿಯ ಹೊರಂಗಳ, 19ರಿಂದ 24 ಅವರ ಒಳಂಗಳ. ಆಡುವವರು ಒಳಂಗಳಕ್ಕೆ ಹೋಮ್ ಬೋರ್ಡ್ ಅನ್ನುತ್ತಾರೆ. ನಿಮ್ಮ ಕಾಯಿ 24ರಿಂದ 1ರ ಕಡೆ ಬರುತ್ತದೆ, ಅವರದು ಉಲ್ಟಾ. ಹಾಗಾಗಿ ನಿಮ್ಮ 24 ಅವರಿಗೆ 1, ನಿಮ್ಮ 20 ಅವರಿಗೆ 5. ಎರಡೂ ಕೂಡಿದರೆ ಯಾವಾಗಲೂ 25. ಇದೊಂದು ನೆನಪಿದ್ದರೆ ಅರ್ಧ ಗೊಂದಲ ಹೋಗುತ್ತದೆ.

ಶುರುವಿನಲ್ಲಿ ನಿಮ್ಮ ಎರಡು ಕಾಯಿ 24ರಲ್ಲಿ, ಐದು 13ರಲ್ಲಿ, ಮೂರು 8ರಲ್ಲಿ, ಐದು 6ರಲ್ಲಿ ಇರುತ್ತವೆ. ಎಲ್ಲವನ್ನೂ ಒಳಂಗಳಕ್ಕೆ ತಂದು, ಅಲ್ಲಿಂದ ಹೊರಗೆ ತೆಗೆಯಬೇಕು. ಮೊದಲು ತೆಗೆದು ಮುಗಿಸಿದವರು ಗೆದ್ದರು.

ಚೌಕಾಬಾರ ಆಡಿ ಬೆಳೆದವರಿಗೆ ಇದರ ಮುಕ್ಕಾಲು ಪಾಲು ಗೊತ್ತಿರುವ ಆಟವೇ. ಒಂಟಿ ಕಾಯಿಯನ್ನು ಹೊಡೆಯಬಹುದು, ಏಟು ತಿಂದ ಕಾಯಿ ಮೊದಲಿನಿಂದ ಬರಬೇಕು. ವ್ಯತ್ಯಾಸ ಒಂದೇ, ಆದರೆ ದೊಡ್ಡದು. ಚೌಕಾಬಾರದಲ್ಲಿ ಕತ್ತರಿ ಗುರುತಿನ ಮನೆಯಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಇಲ್ಲಿ ಅಂಥ ಮನೆ ಯಾವುದೂ ಬರೆದಿಟ್ಟಿಲ್ಲ. ಎರಡು ಕಾಯಿ ಒಟ್ಟಿಗೆ ಕೂತರೆ ಅದೇ ಭದ್ರ ಮನೆ, ಎದುರಾಳಿ ಅಲ್ಲಿ ಕಾಲಿಡುವಂತಿಲ್ಲ. ಅಂದರೆ ಭದ್ರ ಜಾಗಗಳನ್ನು ನೀವೇ ಕಟ್ಟಬೇಕು, ಎಲ್ಲಿ ಕಟ್ಟುತ್ತೀರಿ ಅನ್ನುವುದರ ಮೇಲೆ ಆಟ ನಿಂತಿದೆ.

ಎಲ್ಲ ಮನೆಗೂ ಒಂದೇ ಬೆಲೆ ಇಲ್ಲ. ನಿಮ್ಮ ಕಡೆ ಚಿನ್ನದಂಥದ್ದು 5ನೇ ಮನೆ, ಆಮೇಲೆ 4 ಮತ್ತು 7. ಎದುರಾಳಿಯ ಕಡೆ 20, ಆಮೇಲೆ 21, 18. ನಿಮ್ಮ 1 ಮತ್ತು 2 ತೀರಾ ಒಳಗೆ. ಅಲ್ಲಿ ಬೇಗ ಹೋಗಿ ಕೂತ ಕಾಯಿಗೆ ಮುಂದೆ ಕೆಲಸವೇ ಇರುವುದಿಲ್ಲ. ಮೊದಲ ಗರವೇ 3-1 ಬಿದ್ದರೆ 8ರಿಂದ ಒಂದು, 6ರಿಂದ ಒಂದು ತಂದು 5ನೇ ಮನೆ ಕಟ್ಟಿ. ಇದರಲ್ಲಿ ಯೋಚನೆ ಮಾಡುವುದೇ ಬೇಡ. 4-2 ಬಿದ್ದರೆ ಹಾಗೇ 4ನೇ ಮನೆ, 6-1 ಬಿದ್ದರೆ 7, 5-3 ಬಿದ್ದರೆ 3.

ತೀರ್ಮಾನಕ್ಕೆ ಮುಂಚೆ ಮೂರು ಕಡೆ ಕಣ್ಣು ಹಾಯಿಸಿ

ಒಂದು, ಓಟದಲ್ಲಿ ಯಾರು ಮುಂದಿದ್ದಾರೆ. ಪ್ರತಿ ಕಾಯಿ ಹೊರಗೆ ಹೋಗಲು ಎಷ್ಟು ಹೆಜ್ಜೆ ಬೇಕೋ ಅಷ್ಟನ್ನೂ ಕೂಡಿ. ಶುರುವಿನಲ್ಲಿ ಇಬ್ಬರಿಗೂ 167. ಒಂದು ಗರಕ್ಕೆ ಸರಾಸರಿ ಎಂಟು ಹೆಜ್ಜೆ ಚಿಲ್ಲರೆ, ಹಾಗಾಗಿ ಎಂಟು ಹೆಜ್ಜೆ ಮುಂದಿದ್ದರೆ ಒಂದು ಸರದಿ ಮುಂದಿದ್ದಂತೆ. ಆ್ಯಪ್‌ಗಳಲ್ಲಿ ಈ ಲೆಕ್ಕ ಮೂಲೆಯಲ್ಲಿ ಬರೆದಿರುತ್ತದೆ, ನೋಡುವವರು ಕಡಿಮೆ.

ಎರಡು, ಯಾರ ಒಳಂಗಳ ಗಟ್ಟಿ. ಹೊಡೆಸಿಕೊಂಡ ಕಾಯಿ ನಡುವಿನ ಬಾರ್ ಮೇಲೆ ಕೂತು, ಎದುರಾಳಿಯ ಒಳಂಗಳದಲ್ಲಿ ಅವರು ಜೋಡಿ ಕೂರಿಸಿ ಮುಚ್ಚಿರದ ಮನೆಗೆ ದಾಳ ಬಿದ್ದರೆ ಮಾತ್ರ ಒಳಗೆ ಬರುತ್ತದೆ. ಎರಡು ದಾಳ ಬೀಳುವ ಬಗೆ ಒಟ್ಟು 36. ಎರಡು ಮನೆ ಮುಚ್ಚಿದ್ದರೆ 32 ಬಗೆಯಲ್ಲಿ ಒಳಗೆ ಬರಬಹುದು, ಮೂರು ಮುಚ್ಚಿದ್ದರೆ 27, ನಾಲ್ಕಕ್ಕೆ 20, ಐದಕ್ಕೆ 11. ಮೂರರಿಂದ ನಾಲ್ಕಕ್ಕೆ ಹೋದಾಗ ಎಷ್ಟು ಇಳಿಯುತ್ತದೆ ನೋಡಿ. ಎದುರಾಳಿ ನಾಲ್ಕು ಮನೆ ಮುಚ್ಚಿದ್ದಾಗ ನಿಮ್ಮ ಒಂಟಿ ಕಾಯಿ ಬಿಡುವುದು ದುಬಾರಿ, ಒಂದೇ ಮನೆ ಮುಚ್ಚಿದ್ದಾಗ ಬಿಡುವುದು ಸಸ್ತಾ.

ಮೂರು, ಹಿಂದೆ ಉಳಿದ ಕಾಯಿಗಳು ಎಲ್ಲಿ, ಹೇಗೆ ಕೂತಿವೆ. ಜೋಡಿಯಾಗಿಯಾ, ಒಂಟಿಯಾಗಿಯಾ? ಇದನ್ನೇ ಜನ ಮರೆಯುವುದು. ಕಟ್ಟಬೇಕಾ ಹೊಡೆಯಬೇಕಾ ಅನ್ನುವುದು ನಿಂತಿರುವುದೇ ಇದರ ಮೇಲೆ.

ಓಟ

ನೀವು ಮುಂದಿದ್ದರೆ ಓಡಿ. ಎದುರಾಳಿಯ ಕಾಯಿಗಳನ್ನು ದಾಟಿಬಿಟ್ಟರೆ ಹೊಡೆತದ ಭಯ ಇಲ್ಲ, ಮಿಕ್ಕಿದ್ದು ದಾಳದ ಕೆಲಸ. ಮೊದಲ ಗರ 6-5 ಬಿದ್ದರೆ 24ರಿಂದ ಒಂದು ಕಾಯಿ ಎತ್ತಿ ಸೀದಾ 13ಕ್ಕೆ ತಂದುಬಿಡಿ, ಭದ್ರವಾಗಿ ಸೇರಿಕೊಳ್ಳುತ್ತದೆ.

ಹಿಂದಿದ್ದಾಗ ಓಡುವುದು ಮಾತ್ರ ದಡ್ಡತನ. ಮುಂದಿರುವವರಿಗೆ ನಿಮ್ಮ ಕಾಯಿ ದಾರಿ ಬಿಟ್ಟು ಹೋಗುವುದೇ ಬೇಕಾಗಿರುತ್ತದೆ. ನೀವು ಭಯಪಟ್ಟು ಹೊರಟರೆ ಅವರ ಕೆಲಸ ನೀವೇ ಮಾಡಿಕೊಟ್ಟಂತೆ.

ಗೋಡೆಯಾ, ದಾಳಿಯಾ?

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕಂದರೆ ಹೊಸಬರು ಇವೆರಡನ್ನು ಕಲಸಿಬಿಡುತ್ತಾರೆ.

ಗೋಡೆ ಅಂದರೆ ಪಕ್ಕಪಕ್ಕದ ಮನೆಗಳನ್ನು ಸಾಲಾಗಿ ಮುಚ್ಚುವುದು. ಆರು ಮನೆ ಸಾಲಾಗಿ ಮುಚ್ಚಿದರೆ ಹಿಂದಿರುವ ಕಾಯಿ ಯಾವ ದಾಳ ಬಿದ್ದರೂ ಹಾರಲಾರದು. ಐದು ಮನೆಯ ಗೋಡೆ ಕೂಡ ಸಾಮಾನ್ಯದ್ದಲ್ಲ: ಗೋಡೆಗೆ ಅಂಟಿಕೊಂಡು ನಿಂತ ಕಾಯಿಗೆ 6 ಬೀಳಲೇಬೇಕು, ಅದು 36ರಲ್ಲಿ 11 ಬಗೆ. ನಾಲ್ಕು ಮನೆಯ ಗೋಡೆಗೆ 5 ಅಥವಾ 6 ಬಿದ್ದರೆ ಸಾಕು, 20 ಬಗೆ ಆಗುತ್ತದೆ. ಗೋಡೆಯಿಂದ ದೂರ ನಿಂತ ಕಾಯಿಗೆ ಮೊದಲು ಅಂಚಿಗೆ ಬರಬೇಕು, ಆಮೇಲೆ ಹಾರಬೇಕು, ಎರಡು ಕೆಲಸ. ಅದಕ್ಕೇ ಎದುರಾಳಿಯ ಗೋಡೆ ಬೆಳೆಯುತ್ತಿದೆ ಅನ್ನಿಸಿದ ಕೂಡಲೇ ನಿಮ್ಮ ಹಿಂದಿನ ಕಾಯಿಯನ್ನು ಅಂಚಿಗೆ ತಂದು ನಿಲ್ಲಿಸಬೇಕು.

ದಾಳಿ ಬೇರೆ. ಅಲ್ಲಿ ಸಾಲು ಬೇಕಿಲ್ಲ. ನಿಮ್ಮ ಒಳಂಗಳದಲ್ಲಿ ಎದುರಾಳಿಯ ಕಾಯಿ ಒಂಟಿಯಾಗಿ ಸಿಕ್ಕಿದರೆ ಹೊಡೆಯುವುದು, ಅದು ಒಳಗೆ ಬರುವಷ್ಟರಲ್ಲಿ ಇನ್ನೊಂದು ಮನೆ ಮುಚ್ಚುವುದು, ಬಂದರೆ ಮತ್ತೆ ಹೊಡೆಯುವುದು. ಉಸಿರಾಡಲು ಬಿಡಬಾರದು. ಒಂದು ಉದಾಹರಣೆ: ಎದುರಾಳಿಗೆ ಮೊದಲ ಗರ 2-1 ಬಿತ್ತು, ಅವರು ಹಿಂದಿನ ಜೋಡಿಯನ್ನು ಒಡೆದರು, ಈಗ ನಿಮ್ಮ 1ರಲ್ಲಿ ಒಂದು, 2ರಲ್ಲಿ ಒಂದು ಕೂತಿವೆ. ನಿಮಗೆ 5-5 ಬಿತ್ತು, ಜೋಡಿ ದಾಳ, ಅಂದರೆ ಐದರ ನಾಲ್ಕು ನಡೆ. 8ರಿಂದ ಎರಡು ಕಾಯಿ 3ಕ್ಕೆ, 6ರಿಂದ ಎರಡು ಕಾಯಿ 1ಕ್ಕೆ. ಒಂದೇ ಏಟಿಗೆ ಒಂದು ಕಾಯಿ ಬಾರ್ ಮೇಲೆ, 1, 3 ಮತ್ತು 6 ಮುಚ್ಚಿವೆ, ನಾಲ್ಕರಲ್ಲಿ ಒಂದು ಸಲ ಅವರು ಒಳಗೆ ಬರಲಿಕ್ಕೇ ಆಗುವುದಿಲ್ಲ. 1ನೇ ಮನೆಗೆ ಬೆಲೆ ಇಲ್ಲ ಅಂದೆನಲ್ಲ, ದಾಳಿಯಲ್ಲಿ ಆ ಮಾತು ನಡೆಯುವುದಿಲ್ಲ. ಆದರೆ ಅವರ ಎರಡು ಕಾಯಿ ಒಡೆಯದೆ ನಿಮ್ಮ 1ರಲ್ಲೇ ಜೋಡಿಯಾಗಿ ಕೂತಿದ್ದರೆ ಅದೇ 5-5ಕ್ಕೆ ಹೊಡೆಯಲು ಏನೂ ಇಲ್ಲ. 13ರಿಂದ ಎರಡು ಕಾಯಿ ಇಳಿಸಿ 3ನೇ ಮನೆ ಕಟ್ಟಿಕೊಳ್ಳುವುದಷ್ಟೇ.

ಹಾಗಾದರೆ ಆಯ್ಕೆ ಹೇಗೆ? ಎದುರಾಳಿಯ ಹಿಂದಿನ ಕಾಯಿಗಳು ಒಂಟಿಯಾಗಿ ಹರಡಿವೆ, ನಿಮ್ಮ ಕಾಯಿಗಳು ಹತ್ತಿರದಲ್ಲೇ ಜಾಸ್ತಿ ಇವೆ: ದಾಳಿ. ಆಡುವವರ ಅಂದಾಜು, ಹತ್ತು ಕಾಯಿಯಾದರೂ ಆ ಸುತ್ತಮುತ್ತ ಇರಬೇಕು, ಇಲ್ಲದಿದ್ದರೆ ಮಧ್ಯದಲ್ಲಿ ಸರಕು ಖಾಲಿಯಾಗುತ್ತದೆ. ಅವರು ನಿಮ್ಮ 1 ಅಥವಾ 2ರಲ್ಲಿ ಜೋಡಿಯಾಗಿ ಕೂತಿದ್ದಾರೆ: ಹೊಡೆಯಲು ಏನೂ ಸಿಗುವುದಿಲ್ಲ, ಮುಂದೆ ಗೋಡೆ ಕಟ್ಟಿ. ಅವರು ನಿಮ್ಮ 5ರಲ್ಲೇ ಜೋಡಿ ಕಟ್ಟಿಕೊಂಡಿದ್ದಾರೆ: ಎರಡನ್ನೂ ಮರೆತುಬಿಡಿ, ನಿಮ್ಮ ಕಾಯಿಗಳನ್ನು ಹುಷಾರಾಗಿ ಮನೆ ಸೇರಿಸುವ ಬಗ್ಗೆ ಯೋಚಿಸಿ. ಆ ಜೋಡಿ ಇರುವವರೆಗೂ ದಾಳಿ ಮಾಡಿದರೆ ನಿಮ್ಮ ಕಾಯಿಗಳೇ ಚೆಲ್ಲಾಪಿಲ್ಲಿ.

ಗೋಡೆಗೆ ಒಂದು ಶತ್ರು ಇದೆ, ಸಮಯ. ಗೋಡೆ ಕಟ್ಟಿ ಕೂತರೂ ಪ್ರತಿ ಗರಕ್ಕೂ ಏನಾದರೂ ನಡೆಸಲೇಬೇಕು. ಬೇರೆ ಕಾಯಿ ಉಳಿದಿಲ್ಲದಿದ್ದರೆ ಗೋಡೆಯ ಕಲ್ಲನ್ನೇ ಕೀಳಬೇಕಾಗುತ್ತದೆ. ಇಬ್ಬರೂ ಗೋಡೆ ಕಟ್ಟಿಕೊಂಡು ಒಬ್ಬರ ಹಿಂದೆ ಒಬ್ಬರು ಸಿಕ್ಕಿಹಾಕಿಕೊಂಡಾಗ ವಿಚಿತ್ರ ನೋಡಿ, ಓಟದಲ್ಲಿ ಹಿಂದಿರುವವರಿಗೇ ಎಷ್ಟೋ ಸಲ ಅನುಕೂಲ, ಅವರ ಗೋಡೆ ಆಮೇಲೆ ಒಡೆಯುತ್ತದೆ.

5ನೇ ಮನೆಗೆ ಒಂಟಿ ಇಳಿಸೋದಾ, ಹಿಂದಿನ ಜೋಡಿ ಒಡೆಯೋದಾ?

ಮೊದಲ ಗರ 2-1, 4-1 ಅಥವಾ 5-1 ಬಿದ್ದಾಗ ಬರುವ ಪ್ರಶ್ನೆ ಇದು. ದೊಡ್ಡ ದಾಳಕ್ಕೆ 13ರಿಂದ ಒಂದು ಕಾಯಿ ಇಳಿಸುವುದು ಎಲ್ಲರೂ ಒಪ್ಪಿದ್ದು. ಆ 1 ಏನು ಮಾಡುವುದು?

ಹಳೆಯ ಪದ್ಧತಿ 6ರಿಂದ ಒಂದು ಕಾಯಿಯನ್ನು 5ಕ್ಕೆ ಒಂಟಿಯಾಗಿ ಇಳಿಸುವುದು. ಮುಂದಿನ ಗರಕ್ಕೆ ಅದರ ಮೇಲೆ ಇನ್ನೊಂದು ತಂದು ಮುಚ್ಚಿದರೆ ಚಿನ್ನದ ಮನೆ ನಿಮ್ಮದು. ಆದರೆ ಎದುರಾಳಿಯ ಎರಡು ಕಾಯಿ ನಿಮ್ಮ 1ರಲ್ಲಿ ಕೂತಿವೆ, ನಾಲ್ಕು ಹೆಜ್ಜೆ ದೂರ. ಯಾವ 4 ಬಿದ್ದರೂ ಏಟು, ಅದು 11 ಬಗೆ. 3-1 ಎರಡು ಬಗೆ, 2-2 ಒಂದು, 1-1 ಒಂದು. ಒಟ್ಟು 15. ಏಟು ಬಿದ್ದರೆ 20 ಹೆಜ್ಜೆ ಹೋಯಿತು, ಜೊತೆಗೆ ಮೂರು ಕಾಯಿ ಹಿಂದೆ.

ಇನ್ನೊಂದು ದಾರಿ 24ರಿಂದ ಒಂದನ್ನು 23ಕ್ಕೆ ಸರಿಸುವುದು. ನೋಡಲು ಏನೂ ಮಾಡಿದಂತೆ ಕಾಣುವುದಿಲ್ಲ. ಅಲ್ಲಿ ಏಟು ಬಿದ್ದರೂ ಹೋಗುವುದು ಎರಡೇ ಹೆಜ್ಜೆ, ಮತ್ತೆ 20 ಅಥವಾ 21ರಲ್ಲಿ ಜೋಡಿ ಕಟ್ಟಲು ಹೊಸ ದಾಳಗಳು ತೆರೆದುಕೊಳ್ಳುತ್ತವೆ. ದಶಕಗಳ ಕಾಲ ಪರಿಣತರು ಒಂಟಿ ಇಳಿಸುವುದನ್ನೇ ಸರಿ ಅನ್ನುತ್ತಿದ್ದರು. 1990ರ ದಶಕದ ಶುರುವಿನಲ್ಲಿ ಐಬಿಎಂನ ಜೆರಾಲ್ಡ್ ಟೆಸಾರೊ ಅವರು ಟಿಡಿ-ಗ್ಯಾಮನ್ ಅನ್ನುವ ಪ್ರೋಗ್ರಾಂ ಮಾಡಿದರು. ಅದು ತನ್ನ ಜೊತೆ ತಾನೇ ಲಕ್ಷಾಂತರ ಆಟ ಆಡಿ ಕಲಿಯಿತು, ಕಲಿತದ್ದು ಹಿಂದಿನ ಜೋಡಿ ಒಡೆಯುವುದನ್ನು. ಆಮೇಲೆ ಪರಿಣತರೂ ಬದಲಾದರು. ಈಗಿನ ಲೆಕ್ಕದಲ್ಲಿ 4-1 ಮತ್ತು 5-1ಕ್ಕೆ ಒಡೆಯುವುದು ಮೇಲು, 2-1ಕ್ಕೆ ಎರಡೂ ಹೆಚ್ಚುಕಡಿಮೆ ಸಮ. ಕಲಿಯುವ ಹಂತದಲ್ಲಿ 2-1ಕ್ಕೆ ಒಂಟಿ ಇಳಿಸಿ ನೋಡಿ ಅಂತ ನಾನು ಹೇಳುತ್ತೇನೆ. 36ರಲ್ಲಿ 21 ಸಲ ಏನೂ ಆಗುವುದಿಲ್ಲ, ಏಟು ತಿಂದರೂ ಆಟ ಮುಗಿಯುವುದಿಲ್ಲ, ಆ ಧೈರ್ಯ ಬಂದರೆ ಮಿಕ್ಕ ಆಟವೂ ಸುಧಾರಿಸುತ್ತದೆ.

6-4ಕ್ಕಂತೂ ಮೂರು ದಾರಿ. 24ರಿಂದ ಓಡಿ 14ಕ್ಕೆ ಬರುವುದು, ಅಲ್ಲಿಂದ ಎರಡೇ ಹೆಜ್ಜೆ ಹಿಂದೆ ಎದುರಾಳಿಯ ಐದು ಕಾಯಿ ಕಾದಿವೆ ಅನ್ನುವುದು ನೆನಪಿರಲಿ. ಇಲ್ಲವೇ 24ರಿಂದ 18, 13ರಿಂದ 9. ಇಲ್ಲವೇ 8 ಮತ್ತು 6ರಿಂದ ತಂದು 2ನೇ ಮನೆ ಕಟ್ಟುವುದು. ಈ ಮೂರನೆಯದನ್ನು ಹಿಂದೆ ಕೆಟ್ಟ ನಡೆ ಅಂತ ನಗುತ್ತಿದ್ದರು. ಕಂಪ್ಯೂಟರ್ ಲೆಕ್ಕದಲ್ಲಿ ಮೂರೂ ಬಹುತೇಕ ಒಂದೇ. ನಿಮಗೆ ಯಾವ ಥರದ ಆಟ ಇಷ್ಟವೋ ಅದನ್ನು ಆಡಿ.

ಕಾಯುವ ಆಟ

ಓಟದಲ್ಲಿ ಹಿಂದೆ ಬಿದ್ದಿರಿ, ದಾಳಿಗೆ ಕಾಯಿ ಇಲ್ಲ, ಗೋಡೆಯೂ ಇಲ್ಲ. ಆಗ 20 ಅಥವಾ 18ರಲ್ಲಿ ಎರಡು ಕಾಯಿ ಜೋಡಿ ಕೂರಿಸಿ ಕಾಯಿರಿ. ಎದುರಾಳಿ ತಮ್ಮ ಕಾಯಿಗಳನ್ನು ನಿಮ್ಮ ಮೂಗಿನ ಮುಂದೆಯೇ ಮನೆಗೆ ಸಾಗಿಸಬೇಕು, ಯಾವಾಗಲೋ ಒಂದು ಸಲ ಒಂಟಿ ಕಾಯಿ ಬಿಡಬೇಕಾಗುತ್ತದೆ. ಬಿಟ್ಟಾಗ ಹೊಡೆಯುವ ಸಾಧ್ಯತೆ ದೂರದ ಮೇಲೆ ನಿಂತಿದೆ: ನಡುವೆ ಅಡ್ಡ ಇಲ್ಲದಿದ್ದರೆ ಒಂದು ಹೆಜ್ಜೆಗೆ 36ರಲ್ಲಿ 11, ಆರು ಹೆಜ್ಜೆಗೆ 17, ಏಳಕ್ಕೆ ಒಮ್ಮೆಲೇ 6. ಹಾಗಾಗಿ ನೀವೇ ಒಂಟಿ ಬಿಡಬೇಕಾದಾಗ ಏಳು ಹೆಜ್ಜೆ ಅಥವಾ ಅದಕ್ಕಿಂತ ಆಚೆ ಬಿಡಿ, ಅದು ಆಗದಿದ್ದರೆ ತೀರಾ ಹತ್ತಿರ ಬಿಡಿ. ಆರು ಹೆಜ್ಜೆಯಲ್ಲಿ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. ಆ ಸಮಯದಲ್ಲಿ ನಿಮ್ಮ ಒಳಂಗಳ ನೀಟಾಗಿ ಕಟ್ಟಿಕೊಂಡಿರಬೇಕು. ಕೊನೆಗೆ ಏಟು ಕೊಟ್ಟಿರಿ, ಆದರೆ ನಿಮ್ಮ ಕಾಯಿಗಳೆಲ್ಲ 1, 2ರಲ್ಲಿ ಗುಡ್ಡೆ ಬಿದ್ದಿವೆ, ಅವರ ಕಾಯಿ ಮರುಗರಕ್ಕೇ ಒಳಗೆ ಬಂದು ಓಡಿಹೋಯಿತು ಅಂದರೆ ಅಷ್ಟು ಹೊತ್ತು ಕಾದದ್ದು ದಂಡ. ಕಾಯುವ ಜೋಡಿ ಎಲ್ಲಿ ಅನ್ನುವುದೂ ಮುಖ್ಯ. 20ರಲ್ಲಿದ್ದರೆ 6-6 ಬಿದ್ದಾಗ, 5-5 ಬಿದ್ದಾಗ ಓಡಿಬಿಡುವ ಆಸೆಯೂ ಇರುತ್ತದೆ. 24ರಲ್ಲೇ ಕೊನೆತನಕ ಕೂತರೆ ಗೆಲುವು ಸುಮಾರು ಆರರಲ್ಲಿ ಒಂದು, ಜೊತೆಗೆ ಗ್ಯಾಮನ್ ಭಯ. ನೀವು ಒಂದು ಕಾಯಿಯೂ ತೆಗೆಯುವ ಮುಂಚೆ ಅವರು ಎಲ್ಲ ತೆಗೆದರೆ ಅದು ಗ್ಯಾಮನ್, ಎರಡು ಪಟ್ಟು ಸೋಲು.

ಬೇಕಂತಲೇ ಹಿಂದೆ ಬೀಳುವುದು

ಎದುರಾಳಿಯ ಒಳಂಗಳದಲ್ಲಿ ಒಂದಲ್ಲ, ಎರಡು ಜೋಡಿ ಕೂರಿಸುವ ಆಟ. ಅವರ 2 ಮತ್ತು 3, ಅಥವಾ 2 ಮತ್ತು 4 ಇದ್ದರೆ ಪರವಾಗಿಲ್ಲ. ನೋಡಲು ರೋಮಾಂಚನ, ಕೊನೆಯಲ್ಲಿ ಒಂದು ಏಟು ಬಿದ್ದು ಗೆದ್ದರೆ ವಾರಗಟ್ಟಲೆ ಹೇಳಿಕೊಳ್ಳಬಹುದು. ಆದರೆ ಏಟು ಸಿಗುವಷ್ಟರಲ್ಲಿ ಮುಂದಿನ ಕಾಯಿಗಳು ಒಳಗೆ ಕುಸಿದಿರುತ್ತವೆ, ಸೋತರೆ ಗ್ಯಾಮನ್ ಗ್ಯಾರಂಟಿ ಅನ್ನುವಷ್ಟು ಹತ್ತಿರ. ದಾಳ ನಿಮ್ಮನ್ನು ಅಲ್ಲಿಗೆ ತಳ್ಳಿದರೆ ಆಡಿ, ನೀವಾಗಿ ಹೋಗಬೇಡಿ.

ಕ್ಯೂಬ್ ಇದ್ದರೆ ಬೇರೆ, ಇಲ್ಲದಿದ್ದರೆ ಬೇರೆ

ಇಸ್ತಾಂಬುಲ್‌ನ ಕಾಫಿ ಅಂಗಡಿಗಳಲ್ಲಿ ಇದೇ ಆಟ ತವ್ಲಾ. ಅಲ್ಲಿ ಸಾಮಾನ್ಯವಾಗಿ ಡಬ್ಲಿಂಗ್ ಕ್ಯೂಬ್ ಇರುವುದಿಲ್ಲ, ಗ್ಯಾಮನ್‌ಗೆ ಮಾರ್ಸ್ ಅನ್ನುತ್ತಾರೆ, ಅದಕ್ಕೆ ಎರಡು ಅಂಕ. ಕ್ಯೂಬ್ ಶುರುವಾದದ್ದು 1920ರ ದಶಕದ ನ್ಯೂಯಾರ್ಕ್‌ನಲ್ಲಿ. ಮೇಲೆ 2, 4, 8 ಹೀಗೆ 64ರವರೆಗೆ ಬರೆದ ದಾಳದಂಥದ್ದು. ಪಣ ಎರಡು ಪಟ್ಟು ಮಾಡೋಣವಾ ಅಂತ ಕೇಳಿದಾಗ ಒಪ್ಪಬೇಕು, ಇಲ್ಲ ಈಗಿನ ಪಣ ಕೊಟ್ಟು ಎದ್ದುಬಿಡಬೇಕು.

ಇದು ದಾರಿಯ ಆಯ್ಕೆಯನ್ನೇ ಬದಲಿಸುತ್ತದೆ. ಕ್ಯೂಬ್ ಇಲ್ಲದ ತವ್ಲಾದಲ್ಲಿ ಮುಂದಿರುವವರು ನಿಮ್ಮನ್ನು ಮಧ್ಯದಲ್ಲಿ ಎಬ್ಬಿಸಲಾರರು, ಕೊನೆತನಕ ಆಡಿಸಲೇಬೇಕು. ಹಾಗಾಗಿ ಅಲ್ಲಿ ಕಾಯುವ ಆಟಕ್ಕೆ ಬೆಲೆ ಜಾಸ್ತಿ. ಕ್ಯೂಬ್ ಇದ್ದರೆ ದಾಳಿಗೆ ಹಲ್ಲು ಬರುತ್ತದೆ: ಒಂದು ಕಾಯಿ ಬಾರ್ ಮೇಲೆ, ಇನ್ನೊಂದು ಒಂಟಿ, ಆಗ ಕ್ಯೂಬ್ ತಳ್ಳಿದರೆ ಎದುರಿನವರು ಬೆವರುತ್ತಾರೆ. ಹಣಕ್ಕೆ ಆಡುವ ಕಡೆ ಜಾಕೋಬಿ ನಿಯಮ ಇರುತ್ತದೆ, ಕ್ಯೂಬ್ ತಿರುಗದಿದ್ದರೆ ಗ್ಯಾಮನ್‌ಗೂ ಒಂದೇ ಪಟ್ಟು. ಆಟ ಶುರು ಮಾಡುವ ಮುಂಚೆ ಕೇಳಿಕೊಳ್ಳಿ.

ಯಾವಾಗ ಒಪ್ಪುವುದು? ನಾಲ್ಕರಲ್ಲಿ ಒಂದು ಸಲ ಗೆಲ್ಲುವ ಹಾಗಿದ್ದರೆ ಒಪ್ಪಬಹುದು. ಲೆಕ್ಕ ಸುಲಭ. ನಾಲ್ಕೂ ಸಲ ಎದ್ದರೆ ನಾಲ್ಕು ಅಂಕ ಹೋಯಿತು. ನಾಲ್ಕೂ ಸಲ ಒಪ್ಪಿ ಮೂರು ಸೋತು ಒಂದು ಗೆದ್ದರೆ ಆರು ಹೋಗಿ ಎರಡು ಬಂತು, ಅದೂ ನಾಲ್ಕೇ. 20ರಲ್ಲಿ ಜೋಡಿ ಇಟ್ಟುಕೊಂಡು ಕಾಯುತ್ತಿದ್ದರೆ ಗ್ಯಾಮನ್ ಭಯ ಕಡಿಮೆ, ಹೆಚ್ಚಿನ ಸಲ ಧೈರ್ಯವಾಗಿ ಒಪ್ಪಿ. ದಾಳಿಗೆ ಸಿಕ್ಕಿಕೊಂಡು ಗ್ಯಾಮನ್ ಕಣ್ಣ ಮುಂದಿದ್ದರೆ ನಾಲ್ಕರಲ್ಲಿ ಒಂದು ಸಾಲದು, ಎದ್ದುಬಿಡುವುದೇ ವಾಸಿ. ಬರೀ ಓಟ ಉಳಿದಿದ್ದರೆ ಹೆಜ್ಜೆ ಎಣಿಸಿ. ಮುಂದಿರುವವರಿಗೆ 100 ಹೆಜ್ಜೆ ಬಾಕಿ ಇದೆ, ಹಿಂದಿರುವವರಿಗೆ 108 ಇದ್ದರೆ ಕ್ಯೂಬ್ ತಳ್ಳಬಹುದು, ಈಗಾಗಲೇ ಕ್ಯೂಬ್ ನಿಮ್ಮ ಕಡೆ ಇದ್ದು ಮತ್ತೆ ತಳ್ಳುವುದಾದರೆ 109 ಆಗಲಿ. ಹಿಂದಿರುವವರು 112ರವರೆಗೆ ಒಪ್ಪಬಹುದು. 112 ದಾಟಿದರೆ ಪಣ ಕೊಟ್ಟು ಕಾಯಿ ಮತ್ತೆ ಜೋಡಿಸಿ.